ಕೋವಿಗೆ ತೋಟೆ ಒಗ್ಗಬೇಕು, ಕಣ್ಣಿಗೆ ಕೋವಿ ಒಗ್ಗಬೇಕು
ಗುರಿಕಾರರ ತೆರೆಮರೆಯ ದುಡಿಮೆಯನ್ನು ಕುರಿತು ನಾಲ್ಕು ಮಾತು

೨೦೨೪ನೆಯ ಇಸವಿಯ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ೫೦ ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದ ಸ್ವಪ್ನಿಲ್ ಕುಸಾಳೆಯವರು ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯವರು. ೨೦೧೫ರಲ್ಲಿ ಮಧ್ಯ ರೇಲ್ವೆಯಲ್ಲಿ ಟಿಕೆಟ್ ಕಲೆಕ್ಟರರಾಗಿ ಸೇರಿದವರು. ದಿನಬೆಳಗಾದರೆ ಅದೇ ರೇಲ್ವೆಯ ಲೋಕಲ್ ಗಾಡಿಗಳಲ್ಲಿ ಕಲ್ಯಾಣ, ಡೊಂಬಿವಲಿಗಳಿಂದ ಕೋಟೆ ಪ್ರದೇಶದ ಕಚೇರಿಗಳಿಗೆ ಬರುವ ನಮ್ಮ ಗುಮಾಸ್ತ ಬಂಧುಗಳಿಗೆ ಅಂದು ತಮ್ಮ ಮನೆಯ ಹುಡುಗನೇ ಗೆದ್ದಂತೆ ಹಿಗ್ಗಾದುದು ಸಹಜವೇ. ಶಾಲಾ ಶಿಕ್ಷಕರಾದ ಅವರ ತಂದೆ ಮಗನ ಗುಂಡುಗಳಿಗಾಗಿ ಸಾಲ ಮಾಡಿದ್ದರೆಂಬ ಸುದ್ದಿಯೂ ಆಗ ಪತ್ರಿಕೆಗಳಲ್ಲಿ ಬಂದಿತು.

ಆ ಸಾಲದ ಸುದ್ದಿಯೇ ಈ ಲೇಖನಕ್ಕೆ ಪ್ರೇರಣೆ. ಕೋವಿಯನ್ನು ಒಮ್ಮೆ ಕೊಂಡರೆ ಹಲವು ವರುಷ ಬಾಳುತ್ತದೆ. ಗುಂಡು ಮಾತ್ರ ಹಾರಿಸಿದಂತೆಲ್ಲ ಕರಗುವ ಹಣ. ಅಂಥ ಹಣವನ್ನು ಸುರಿದು ಮಗನನ್ನೋ ಮಗಳನ್ನೋ ಗುರಿಮೈದಾನಕ್ಕೆ ಕಳುಹಿಸುವ ಬಡ ತಂದೆತಾಯಿಯರು ಒಂದು ಸಂಗತಿಯನ್ನು ಅರಿತಿರಬೇಕು. ಗುರಿ ತಪ್ಪಿದಾಗಲೆಲ್ಲ ತಪ್ಪು ಮಗುವಿನ ಕೈಯದೇ ಆಗಿರುವುದಿಲ್ಲ. ತೋಟೆಯು ಕೋವಿಗೆ ಒಗ್ಗದೆ ಇರಬಹುದು, ಅಥವಾ ಕೋವಿಯ ಕಣ್ಣನ್ನು ಸರಿಯಾಗಿ ಕೂಡಿಸದೆ ಇರಬಹುದು. ಇವೆರಡನ್ನೂ ಪರೀಕ್ಷಿಸದೆ ಮಗುವನ್ನು ಗದರಿದರೆ ಹಣದೊಂದಿಗೆ ಮಗುವಿನ ಧೈರ್ಯವೂ ಹೋಗುವುದು.

ಊರಿನ ಈಡುಗಾರರ ಅನುಭವ

ಇದು ನಮಗೆ ತೀರ ಹೊಸ ವಿಷಯವೇನೂ ಅಲ್ಲ. ದಕ್ಷಿಣ ಕನ್ನಡದ ಮತ್ತು ಮಲೆನಾಡಿನ ಹಳ್ಳಿಗಳಿಂದ ಬಂದ ಹೋಟೆಲು ಕಾರ್ಮಿಕ ಬಂಧುಗಳಲ್ಲಿ ಅನೇಕರು ಬೆಳೆ ಕಾಯುವ ಕೋವಿಯನ್ನು ಮನೆಯಲ್ಲಿ ಕಂಡವರೇ. ಚುನಾವಣೆ ಬಂದಾಗ ಅದನ್ನು ಪೊಲೀಸು ಠಾಣೆಯಲ್ಲಿ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವ ತಾಪತ್ರಯವನ್ನೂ ಬಲ್ಲವರು. ಹಳೆಯ ಕೇಪಿನ ಕೋವಿಯಲ್ಲಿ ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಂದಲೇ ತುಂಬಿ, ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪನ್ನು ಇಡುತ್ತಿದ್ದರು. ಪ್ರತಿಯೊಂದು ಈಡೂ ಕೈಯಿಂದ ತುಂಬಿದ ಈಡೇ. ಒಂದು ಕೋವಿಗೆ ಹಿಡಿಸುವ ಅಳತೆ ಇನ್ನೊಂದಕ್ಕೆ ಹಿಡಿಸದೆಂಬುದು ಹಿರಿಯ ಈಡುಗಾರರಿಗೆ ಗೊತ್ತಿತ್ತು. ಆದುದರಿಂದಲೇ ತನ್ನ ಕೋವಿಗೆ ಅನ್ಯರು ಮದ್ದು ತುಂಬುವುದನ್ನು ಅವರು ಒಪ್ಪುತ್ತಿರಲಿಲ್ಲ.

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನಡೆಸುವುದು ಇಂದಿಗೂ ಉಂಟು. ೧೯೫೯ರ ಆಯುಧ ಕಾನೂನಿನ ಮೇರೆಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿಯ ವಿನಾಯಿತಿಯನ್ನು ೨೦೧೯ರಲ್ಲಿ ಕೇಂದ್ರ ಸರಕಾರವು ೨೦೨೯ರವರೆಗೆ ಮುಂದುವರಿಸಿತು.

ತೋಟೆಯೊಳಗೆ ಏನಿದೆ?

ಈ ಕಾಲದ ತೋಟೆಯಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೋಶ, ಕಿಡಿ ಕೊಡುವ ಕೇಪು, ಹೊಗೆಯಿಲ್ಲದ ಮದ್ದು ಮತ್ತು ಸೀಸದ ಗುಂಡು. ಅಮೆರಿಕೆಯಂಥ ದೇಶಗಳಲ್ಲಿ ಅನೇಕ ಹವ್ಯಾಸಿಗಳು ಹಾರಿಸಿದ ಕೋಶಗಳನ್ನು ಆಯ್ದು ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತಕ್ಕಡಿಯಲ್ಲಿ ತೂಗಿ, ಹೊಸ ಗುಂಡನ್ನಿಟ್ಟು ತೋಟೆಗಳನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಾರೆ. ಅವರು ತೂಗುವ ಮಾನಕ್ಕೆ ಗ್ರೇನ್ ಎಂದು ಹೆಸರು. ಒಂದು ಗ್ರೇನ್ ಎಂದರೆ ಸುಮಾರು ೬೫ ಮಿಲಿಗ್ರಾಂ. ಒಂದು ಹೊಡೆತದ ಬಲದಿಂದ ತಾನಾಗಿಯೇ ಮುಂದಿನ ತೋಟೆಯನ್ನು ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲಿಗಾದರೆ ಈ ಕೆಲಸ ಇನ್ನೂ ಕಠಿಣ. ಅಲ್ಲಿ ಮದ್ದು ಗುಂಡನ್ನು ನೆಟ್ಟಗೆ ಕಳುಹಿಸಿದರೆ ಸಾಲದು, ಯಂತ್ರವನ್ನೂ ತಪ್ಪದೆ ನಡೆಸಬೇಕು. ಮದ್ದು ಕಡಿಮೆಯಾದರೆ ಯಂತ್ರ ನಡುವೆ ನಿಲ್ಲುವುದು. ಹೆಚ್ಚಾದರೆ ಕೋವಿಯೂ ಹಿಡಿದವನ ಮುಖವೂ ಅಪಾಯಕ್ಕೆ ಈಡಾಗುವುವು.

ನಮ್ಮ ದೇಶದಲ್ಲಿ ಇಂಥ ರೈಫಲುಗಳು ಸಾಮಾನ್ಯ ನಾಗರಿಕರ ಕೈಗೆ ಸಿಗತಕ್ಕವಲ್ಲ. ತೋಟೆಗಳ ತಯಾರಿಕೆಗೂ ಸರಕಾರದ ಪರವಾನಗಿ ಬೇಕೆಂದು ೧೯೫೯ರ ಕಾನೂನು ವಿಧಿಸಿದೆ. ಆದುದರಿಂದ ಯಾರೂ ಕುತೂಹಲಕ್ಕಾಗಿ ಚಾಳಿನ ಕೋಣೆಯಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಕೂಡದು. ಅದರಿಂದ ಕೈಯೂ ಸುಡುವುದು, ಸೆರೆಮನೆಯೂ ಕಾಣುವುದು. ಆದರೆ ಮನೆಯಲ್ಲಿ ತೋಟೆ ತುಂಬುವವನು ತಕ್ಕಡಿಯ ಮುಂದೆ ಕುಳಿತು ಏನನ್ನು ಅರಸುತ್ತಾನೋ ಅದನ್ನು ನಮ್ಮ ಗುರಿಕಾರರು ಬೇರೊಂದು ದಾರಿಯಿಂದ ಅರಸುತ್ತಾರೆ.

ಲಾಟಿನ ಪರೀಕ್ಷೆ

ಕುಸಾಳೆಯವರು ಗೆದ್ದ ಸ್ಪರ್ಧೆಯಲ್ಲಿ ಬಳಸುವುದು .೨೨ ಅಳತೆಯ ತೋಟೆ. ಗುಂಡಿನ ಅಡ್ಡಗಲ ೫.೬ ಮಿಲಿಮೀಟರ್. ಇದರ ಕಿಡಿಮದ್ದು ಕೋಶದ ಅಂಚಿನೊಳಗೇ ಅಡಗಿರುವುದರಿಂದ ಒಮ್ಮೆ ಹಾರಿಸಿದ ಕೋಶವನ್ನು ಮತ್ತೆ ತುಂಬುವಂತಿಲ್ಲ. ಕಾರ್ಖಾನೆಯವರು ಕೊಟ್ಟದ್ದನ್ನೇ ಹಾರಿಸಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈಲೀ, ಜರ್ಮನಿಯ ಷೋನೆಬೆಕ್ಕಿನಲ್ಲಿ ತಯಾರಾಗುವ ಲಾಪುವಾ ಮೊದಲಾದವು ಈ ಬಗೆಯಲ್ಲಿ ಹೆಸರಾದ ತೋಟೆಗಳು.

ಒಂದೇ ಕಾರ್ಖಾನೆ, ಒಂದೇ ಹೆಸರು, ಒಂದೇ ಬೆಲೆ. ಆದರೂ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ಬೇರೆಯಾದರೆ ತೋಟೆಯ ಸ್ವಭಾವವೂ ತುಸು ಬೇರೆಯಾಗುವುದು. ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ತೋಟದ ಕಾಫಿಬೀಜವಾದರೂ ಹೊಸ ಮೂಟೆ ಬಿಚ್ಚಿದ ದಿನ ಡಿಕಾಕ್ಷನ್ ಬೇರೆಯಾಗಿ ಇಳಿಯುವುದಿಲ್ಲವೆ? ಈ ಲಾಟು ಒಂದು ರೈಫಲಿಗೆ ಅಮೃತವಾದರೆ ಪಕ್ಕದ ರೈಫಲಿಗೆ ಒಗ್ಗದೆ ಹೋಗಬಹುದು. ಆದುದರಿಂದ ನುರಿತ ಗುರಿಕಾರರು ಕಾರ್ಖಾನೆಯ ಪರೀಕ್ಷಾ ಕೇಂದ್ರಕ್ಕೇ ರೈಫಲನ್ನು ಒಯ್ದು, ಅದನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿಸಿ, ಒಂದೊಂದು ಲಾಟಿನಿಂದ ಹತ್ತು ಹತ್ತು ಗುಂಡುಗಳ ಗುಂಪುಗಳನ್ನು ಹಾರಿಸಿ ನೋಡುತ್ತಾರೆ. ಇಲ್ಲಿ ಮನುಷ್ಯನ ಕೈ ಇಲ್ಲ, ಉಸಿರಿಲ್ಲ, ಅಳುಕಿಲ್ಲ. ಉಳಿಯುವುದು ಕೋವಿ ಮತ್ತು ತೋಟೆಗಳ ಹೊಂದಾಣಿಕೆ ಮಾತ್ರ. ರಂಧ್ರಗಳು ಅತಿ ಒತ್ತಾಗಿ ಬಿದ್ದ ಲಾಟನ್ನು ಆರಿಸಿ, ಕೈಯಲ್ಲಿದ್ದ ಹಣಕ್ಕೆ ಬರುವಷ್ಟನ್ನು ಒಂದೇ ಬಾರಿಗೆ ಕೊಂಡುಬಿಡುತ್ತಾರೆ. ಲಾಟು ಮುಗಿದರೆ ಮತ್ತೆ ಅದೇ ಸಿಗಲಾರದಷ್ಟೆ.

ಇಷ್ಟು ಸೂಕ್ಷ್ಮ ಏತಕ್ಕೆಂದು ಕೇಳಬಹುದು. ೫೦ ಮೀಟರಿನ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ಅಡ್ಡಗಲ ೧೦.೪ ಮಿಲಿಮೀಟರ್, ಅಂಗಿಯ ಸಣ್ಣ ಗುಂಡಿಯಷ್ಟು. ಸ್ಪರ್ಧೆಯ .೨೨ ಗುಂಡು ಸೆಕೆಂಡಿಗೆ ಸುಮಾರು ೩೨೫ ಮೀಟರ್ ವೇಗದಲ್ಲಿ, ಎಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆಯಾಗಿ, ಹೊರಡುತ್ತದೆ. ಅಷ್ಟು ದೂರವನ್ನು ಕ್ರಮಿಸುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಅದು ಅರ್ಧ ಗೇಣಿನಷ್ಟು ಕೆಳಗಿಳಿಯುವುದು. ಒಂದು ತೋಟೆಯ ವೇಗ ಇನ್ನೊಂದಕ್ಕಿಂತ ಸೆಕೆಂಡಿಗೆ ಹತ್ತು ಮೀಟರ್ ಕಡಿಮೆಯಾದರೆ ಅದು ಇನ್ನೂ ಏಳೆಂಟು ಮಿಲಿಮೀಟರ್ ಕೆಳಗೆ ಬೀಳುವುದೆಂದು ಲೆಕ್ಕ ಹಾಕಿ ನೋಡಬಹುದು. ನಡುವಿಗೆ ಬೀಳಬೇಕಾದದ್ದು ಹತ್ತರ ಅಂಚಿಗೆ ಜಾರುವುದು. ದಶಮಾಂಶದ ಅಂಕಗಳಲ್ಲಿ ಪದಕ ತೀರ್ಮಾನವಾಗುವ ಫೈನಲಿನಲ್ಲಿ ಇದು ಸಣ್ಣ ನಷ್ಟವಲ್ಲ. ಕುಸಾಳೆಯವರು ಅಂದು ಗಳಿಸಿದ್ದು ೪೫೧.೪ ಅಂಕ.

ಕೋವಿಯ ಕಣ್ಣನ್ನು ಕೂಡಿಸುವುದು

ಇನ್ನು ಎರಡನೆಯ ಕೆಲಸ. ಕಣ್ಣು ನೋಡುವ ಗೆರೆಯೂ ಗುಂಡು ಹೋಗುವ ದಾರಿಯೂ ಗೊತ್ತಾದ ದೂರದಲ್ಲಿ ಒಂದೇ ಕಡೆ ಸೇರುವಂತೆ ಸೈಟನ್ನು ತಿದ್ದುವುದಕ್ಕೆ ಝೀರೋ ಮಾಡುವುದೆಂದು ಗುರಿಕಾರರು ಕರೆಯುತ್ತಾರೆ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಹಿಂದಿನ ಸೈಟಿನ ಸಣ್ಣ ರಂಧ್ರದಿಂದ ಮುಂದಿನ ಸೈಟಿನ ಬಳೆಯನ್ನೂ ಅದರೊಳಗೆ ಗುರಿಯ ಕಪ್ಪು ಬೊಟ್ಟನ್ನೂ ಕಾಣಬೇಕು. ದುರ್ಬೀನು ಕೂರಿಸಿದ ರೈಫಲುಗಳಲ್ಲಿಯೂ ತತ್ವ ಇದೇ.

ಇಲ್ಲಿ ಹೊಸಬರು ಎಡವುವ ಕಡೆ ಒಂದಿದೆ. ಮೊದಲ ಗುಂಡು ಎಡಕ್ಕೆ ಬಿದ್ದಿತೆಂದು ಸೈಟನ್ನು ಬಲಕ್ಕೆ ತಿರುಗಿಸುವರು. ಎರಡನೆಯದು ಬಲಕ್ಕೆ ಬಿದ್ದಿತೆಂದು ಮತ್ತೆ ಎಡಕ್ಕೆ. ಹೀಗೆ ತಿರುಪಿನ ಹಿಂದೆ ಓಡಿ ಪೆಟ್ಟಿಗೆ ಖಾಲಿಯಾದರೂ ಗುರಿ ಕೂಡದು. ಒಂದು ಗುಂಡು ಯಾವ ಕಾರಣಕ್ಕಾಗಿಯಾದರೂ ಎಲ್ಲಿಯಾದರೂ ಬೀಳಬಹುದು. ಅದರ ಸಾಕ್ಷ್ಯವನ್ನು ನಂಬತಕ್ಕದ್ದಲ್ಲ. ಸೈಟನ್ನು ಮುಟ್ಟದೆ ಐದೋ ಹತ್ತೋ ಗುಂಡುಗಳನ್ನು ಒಂದೇ ರೀತಿಯಾಗಿ ಹಾರಿಸಬೇಕು. ಅವೆಲ್ಲ ಒತ್ತಾಗಿ ಒಂದೆಡೆ ಬಿದ್ದರೆ, ಆ ಗುಂಪು ನಡುವಿನಿಂದ ಎಷ್ಟು ದೂರವಿದ್ದರೂ ಚಿಂತೆಯಿಲ್ಲ. ಗುಂಪಿನ ಮಧ್ಯಬಿಂದುವನ್ನು ಅಳೆದು ಸೈಟನ್ನು ಒಮ್ಮೆ ತಿದ್ದಿದರಾಯಿತು. ಗುಂಪೇ ಚೆದುರಿದ್ದರೆ ಸೈಟನ್ನು ತಿದ್ದಿ ಫಲವಿಲ್ಲ. ತೋಟೆಯನ್ನೋ ಭಂಗಿಯನ್ನೋ ಮೊದಲು ನೋಡಬೇಕು. ಜಮಾಖರ್ಚು ಕೂಡದಿದ್ದಾಗ ಒಂದು ಕಲಮನ್ನು ಮನಸ್ಸಿಗೆ ಬಂದಂತೆ ತಿದ್ದಿ ಬಾಕಿ ಹೊಂದಿಸುವ ಗುಮಾಸ್ತನು ಮರುದಿನ ಇಮ್ಮಡಿ ತೊಡಕಿಗೆ ಸಿಕ್ಕುವನೆಂಬುದು ನಮ್ಮ ವಾಚಕರಿಗೆ ತಿಳಿಯದ ಮಾತಲ್ಲ.

ಎಷ್ಟು ತಿದ್ದಬೇಕೆಂಬುದು ತ್ರೈರಾಶಿಯ ಲೆಕ್ಕ. ಎರಡು ಸೈಟುಗಳ ನಡುವೆ ೮೦ ಸೆಂಟಿಮೀಟರ್ ಅಂತರವಿದ್ದರೆ, ಹಿಂದಿನ ಸೈಟನ್ನು ಮಿಲಿಮೀಟರಿನ ಹತ್ತನೆಯ ಒಂದಂಶ ಸರಿಸಿದಾಗ ೫೦ ಮೀಟರ್ ದೂರದಲ್ಲಿ ಗುಂಡು ಆರು ಮಿಲಿಮೀಟರಿಗಿಂತ ತುಸು ಹೆಚ್ಚು ಸರಿಯುವುದು. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. ದುರ್ಬೀನಿನ ತಿರುಪುಗಳಲ್ಲಿ ಅಂಶದ ಅರವತ್ತನೆಯ ಭಾಗವಾದ ಕಲೆಯೇ ಅಳತೆಯ ಮಾನ. ಒಂದು ಕಲೆ ೧೦೦ ಮೀಟರಿನಲ್ಲಿ ಸುಮಾರು ೨.೯ ಸೆಂಟಿಮೀಟರ್ ಆಗುವುದರಿಂದ, ಕಾಲು ಕಲೆಯ ಒಂದು ‘ಕ್ಲಿಕ್’ ಗುಂಡನ್ನು ಏಳು ಮಿಲಿಮೀಟರಿನಷ್ಟು ಸರಿಸುವುದು.

ಗುಂಪಿನ ಆಕಾರವೂ ಓದಬಲ್ಲವರಿಗೆ ಒಂದು ಪತ್ರವಿದ್ದಂತೆ. ರಂಧ್ರಗಳು ಮೇಲಿನಿಂದ ಕೆಳಕ್ಕೆ ಉದ್ದವಾಗಿ ಸಾಲುಗೂಡಿದ್ದರೆ ತೋಟೆಗಳ ವೇಗ ಏರುಪೇರಾಗುತ್ತಿದೆ, ಅಥವಾ ಉಸಿರಿನ ಹಿಡಿತ ತಪ್ಪುತ್ತಿದೆ. ಅಡ್ಡಲಾಗಿ ಹರಡಿದ್ದರೆ ಗಾಳಿಯನ್ನೋ ಟ್ರಿಗರ್ ಎಳೆಯುವ ಬೆರಳನ್ನೋ ಸಂಶಯಿಸಬೇಕು. ಒರೆಸಿ ಶುಚಿಮಾಡಿದ ನಳಿಗೆಯಿಂದ ಹೊರಡುವ ಮೊದಲ ಕೆಲವು ಗುಂಡುಗಳು ಬೇರೆಡೆಗೆ ಬೀಳುವುದುಂಟು. ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಂಬಯಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ತೆರೆದ ಮೈದಾನದಲ್ಲಿ ಬೆಳಗಿನ ಝೀರೋ ಸಂಜೆಗೆ ಸಲ್ಲುವುದೆಂದು ನಂಬುವಂತಿಲ್ಲ. ಮಳೆಗಾಲದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುವುದು. ಬಿಸಿಲಲ್ಲಿಟ್ಟ ತೋಟೆಯ ಮದ್ದು ಹೆಚ್ಚು ರಭಸದಿಂದ ಉರಿಯುವುದು. ಆದುದರಿಂದ ಜಾಣರು ದಿನಾಂಕ, ಹೊತ್ತು, ಗಾಳಿ, ಲಾಟು, ಸೈಟಿನ ಕ್ಲಿಕ್ಕುಗಳು, ಇವನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುವರು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವರ ನೇಮ. ಬೀಜ, ಚಿಕೋರಿ, ನೀರು, ಪುಡಿಯ ನುಣುಪು ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಕಾಫಿ ಕೆಟ್ಟದ್ದೇಕೆಂದು ಯಾವ ಭಟ್ಟನೂ ಹೇಳಲಾರ.

ವರ್ಲಿಯಿಂದ ಪನವೇಲಿಗೆ

ಈ ವಿದ್ಯೆಗೆ ಮುಂಬಯಿಯೂ ಒಂದು ಹಿರಿಯ ನೆಲೆ. ವರ್ಲಿಯಲ್ಲಿರುವ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ಮೈದಾನದಲ್ಲಿ, ೨೦೨೧ರಲ್ಲಿ ತೀರಿಕೊಂಡ ಗುರು ಸಂಜಯ ಚಕ್ರವರ್ತಿಯವರ ಕೈಯಲ್ಲಿ ಪಳಗಿದ ಅಂಜಲಿ ಭಾಗವತ್, ಸುಮಾ ಶಿರೂರ್, ದೀಪಾಲಿ ದೇಶಪಾಂಡೆ ಮೂವರೂ ೨೦೦೪ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ನಿಂತರು. ಅಂಜಲಿಯವರು ಈ ಹಾದಿಗೆ ಬಂದುದು ಕಾಲೇಜಿನ ಎನ್.ಸಿ.ಸಿ.ಯ ಮೂಲಕ. ದೀಪಾಲಿಯವರು ಮುಂದೆ ಕುಸಾಳೆಯವರಿಗೆ ಗುರುವಾದರು.

ಸುಮಾ ಶಿರೂರರು ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರೆಂಬುದು ಮುಂಬಯಿ ಕನ್ನಡಿಗರಿಗೆ ವಿಶೇಷ ಹೆಮ್ಮೆಯ ಸಂಗತಿ. ೨೦೦೪ರಲ್ಲಿ ಕೌಲಾಲಂಪುರದ ಏಷ್ಯನ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಅವರು ೪೦೦ಕ್ಕೆ ೪೦೦ ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ೧೦ ಮೀಟರ್ ಏರ್ ರೈಫಲಿನ ಗುರಿಯಲ್ಲಿ ಹತ್ತು ಅಂಕದ ಬೊಟ್ಟು ಅರ್ಧ ಮಿಲಿಮೀಟರ್ ಮಾತ್ರ. ಅದಕ್ಕೆ ತಪ್ಪದೆ ನಲವತ್ತು ಸಲ ಹೊಡೆದರು. ಬಳಿಕ ಹೊಸ ಪನವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ಬನ್ನು ಸ್ಥಾಪಿಸಿದರು. ಗಾಲಿಕುರ್ಚಿಯಲ್ಲಿ ಕುಳಿತು ಸ್ಪರ್ಧಿಸುವ ಅವನಿ ಲೇಖರಾ ಅವರು ೨೦೨೧ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ೨೦೨೪ರ ಪ್ಯಾರಿಸಿನಲ್ಲಿಯೂ ಚಿನ್ನ ಗೆದ್ದುದು ಸುಮಾ ಅವರ ತರಬೇತಿಯಲ್ಲಿ.

ತಂದೆತಾಯಿಯರಿಗೆ ಒಂದೆರಡು ಸಲಹೆ

ನಮ್ಮವರ ಮಕ್ಕಳಿಗೆ ಈ ಆಟದಲ್ಲಿ ಆಸಕ್ತಿಯಿದ್ದರೆ ಕಾಲೇಜಿನ ಎನ್.ಸಿ.ಸಿ.ಯಿಂದಲೋ ನೋಂದಾಯಿತ ಕ್ಲಬ್ಬಿನ ಏರ್ ರೈಫಲಿನಿಂದಲೋ ಆರಂಭಿಸುವುದು ಲೇಸು. ೪.೫ ಮಿಲಿಮೀಟರ್ ಅಳತೆಯ, ೨೦ ಜೂಲಿಗಿಂತ ಕಡಿಮೆ ಬಲದ ಏರ್ ರೈಫಲಿಗೆ ಪರವಾನಗಿಯ ಅಗತ್ಯವಿಲ್ಲ. ಆದರೂ ಕೊಳ್ಳಲು ಅವಸರಪಡಬಾರದು. ಮೊದಲು ಕ್ಲಬ್ಬಿನದನ್ನೇ ಬಳಸಿ ನೋಡಲಿ. ಏರ್ ರೈಫಲಿನ ಸೀಸದ ಗುಂಡುಗಳಲ್ಲಿಯೂ ಲಾಟಿನ ಭೇದ ಉಂಟು. ಗುಂಡಿನ ತಲೆಯ ಅಳತೆ ೪.೪೯ ಆಗಿದ್ದರೆ ಒಂದು ನಳಿಗೆಗೆ, ೪.೫೦ ಆಗಿದ್ದರೆ ಇನ್ನೊಂದಕ್ಕೆ ಹಿಡಿಸುವುದು. ಆದುದರಿಂದ ಅಗ್ಗವೆಂದು ಒಮ್ಮೆಗೇ ಹತ್ತು ಡಬ್ಬಿ ಕೊಳ್ಳದೆ, ಒಂದೊಂದೇ ಡಬ್ಬಿಯನ್ನು ತಂದು ಪರೀಕ್ಷಿಸಿ, ಒಗ್ಗಿದ ಲಾಟಿನಿಂದಲೇ ಹೆಚ್ಚು ಕೊಳ್ಳುವುದು ಮಿತವ್ಯಯದ ಮಾರ್ಗ.

ಮಗು ಸಂಜೆ ಬಾಡಿದ ಮುಖದಿಂದ ಮನೆಗೆ ಬಂದರೆ ಅಂಕ ಎಷ್ಟೆಂದು ಮೊದಲು ಕೇಳಬೇಡಿರಿ. ಗುಂಪು ಹೇಗೆ ಬಿದ್ದಿತೆಂದು ಕೇಳಿರಿ. ಗುಂಪು ಒತ್ತಾಗಿ ಬಿದ್ದಿತ್ತಾದರೆ ಮಗುವಿನ ಕೈ ಸರಿಯಾಗಿಯೇ ಇದೆ. ನಾಳೆ ಸೈಟನ್ನು ನಾಲ್ಕು ಕ್ಲಿಕ್ ತಿರುಗಿಸಿದರೆ ಆಯಿತು.