ಪಠ್ಯಕ್ರಮ ಮತ್ತು ಪರಂಪರೆ: ಅಮೆರಿಕನ್ ಸಾಹಿತ್ಯ ಬೋಧನೆಯ ಹಿನ್ನೆಲೆಯಲ್ಲಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ತಮ್ಮ ದೇಶದ ಸಾಹಿತ್ಯವನ್ನು ಅಭ್ಯಸಿಸುವುದು ಇಂದು ಸಹಜವಾಗಿ ತೋರುತ್ತದೆ. ಆದರೆ ಈ ಸಹಜತೆ ಈಚಿನದು. ಹತ್ತೊಂಬತ್ತನೆಯ ಶತಮಾನದ ಕಾಲೇಜುಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಅಗ್ರಸ್ಥಾನವಿತ್ತು. ಅನಂತರ ರೂಪುಗೊಂಡ ಇಂಗ್ಲಿಷ್ ವಿಭಾಗಗಳಲ್ಲಿಯೂ ಭಾಷಾಶಾಸ್ತ್ರ ಹಾಗೂ ಚಾಸರ್, ಶೇಕ್ಸ್‌ಪಿಯರ್, ಮಿಲ್ಟನ್ನರ ಕೃತಿಗಳೇ ಅಧ್ಯಯನದ ಕೇಂದ್ರದಲ್ಲಿದ್ದವು. ಸ್ವದೇಶದ ಬರವಣಿಗೆಯನ್ನು ಆಂಗ್ಲ ಸಾಹಿತ್ಯದ ಒಂದು ಶಾಖೆಯೆಂದು ಮಾತ್ರ ಪರಿಗಣಿಸಲಾಗುತ್ತಿತ್ತು.

1837ರಲ್ಲಿ ಎಮರ್ಸನ್ ಹಾರ್ವರ್ಡ್‌ನಲ್ಲಿ ಮಾಡಿದ 'ದಿ ಅಮೆರಿಕನ್ ಸ್ಕಾಲರ್' ಉಪನ್ಯಾಸವು ಯೂರೋಪಿನ ಬೌದ್ಧಿಕ ಅವಲಂಬನೆಯಿಂದ ಹೊರಬರುವಂತೆ ಕರೆ ನೀಡಿತ್ತು. ಆ ಕರೆಯು ತರಗತಿಗಳಲ್ಲಿ ನೆಲೆಯೂರಲು ಸುಮಾರು ಒಂದು ಶತಮಾನ ಬೇಕಾಯಿತು. 1929ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ 'ಅಮೆರಿಕನ್ ಲಿಟರೇಚರ್' ಎಂಬ ಸಂಶೋಧನ ಪತ್ರಿಕೆ ಹೊರಬಂದಿತು. 1941ರಲ್ಲಿ ಪ್ರಕಟವಾದ ಎಫ್.ಓ. ಮ್ಯಾಥೀಸನ್‌ರ 'ಅಮೆರಿಕನ್ ರಿನೈಸಾನ್ಸ್' ಕೃತಿಯು ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್‌ಮನ್ ಈ ಐವರನ್ನು ಪರಂಪರೆಯ ಆಧಾರಸ್ತಂಭಗಳೆಂದು ಸ್ಥಾಪಿಸಿತು. ಈ ಐವರಲ್ಲಿ ಮೆಲ್ವಿಲ್ 1891ರಲ್ಲಿ ತೀರಿಕೊಂಡಾಗ ಬಹುಮಟ್ಟಿಗೆ ಮರೆತುಹೋದ ಲೇಖಕ. 1851ರ 'ಮೋಬಿ ಡಿಕ್'ಗೆ ಮಹಾಕೃತಿಯೆಂಬ ಮನ್ನಣೆ ದೊರೆತದ್ದು 1920ರ ದಶಕದ ಮರುಶೋಧದಿಂದ.

ಈ ಪಟ್ಟಿಯಲ್ಲಿ ಮಹಿಳೆಯರಾಗಲಿ ಕಪ್ಪು ಲೇಖಕರಾಗಲಿ ಇಲ್ಲ ಎಂಬುದು ಗಮನಾರ್ಹ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್‌ನ ಆತ್ಮಕಥನ 1845ರಲ್ಲಿಯೇ ಪ್ರಕಟವಾಗಿತ್ತು. ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ 'ಅಂಕಲ್ ಟಾಮ್ಸ್ ಕ್ಯಾಬಿನ್' (1852) ಮ್ಯಾಥೀಸನ್ ಆರಿಸಿಕೊಂಡ ಕಾಲಘಟ್ಟಕ್ಕೇ ಸೇರಿದ್ದು. ಅದಕ್ಕೆ ದೊರೆತಷ್ಟು ಓದುಗರು ಆ ಕಾಲದಲ್ಲಿ ಮೆಲ್ವಿಲ್‌ಗೆ ದೊರೆಯಲಿಲ್ಲ. ಜೋರಾ ನೀಲ್ ಹರ್ಸ್ಟನ್‌ಳ 1937ರ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್' ದೀರ್ಘಕಾಲ ಉಪೇಕ್ಷೆಗೆ ಒಳಗಾಗಿದ್ದು, 1975ರಲ್ಲಿ ಆಲಿಸ್ ವಾಕರ್ ಬರೆದ ಲೇಖನದ ತರುವಾಯ ಮತ್ತೆ ವ್ಯಾಪಕವಾಗಿ ಚರ್ಚೆಗೆ ಬಂದಿತು. ಪೌಲ್ ಲಾಟರ್ ಪ್ರಧಾನ ಸಂಪಾದಕತ್ವದ ಹೀತ್ ಸಂಕಲನ (1990) ಇಂತಹ ಅನೇಕ ಲೇಖಕರನ್ನು ತರಗತಿಯೊಳಕ್ಕೆ ತಂದಿತು.

ಪಠ್ಯಕ್ರಮವು ಪರಂಪರೆಯನ್ನು ಪ್ರತಿಬಿಂಬಿಸುವುದಷ್ಟೇ ಅಲ್ಲ, ಅದನ್ನು ನಿರ್ಮಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಠ್ಯವಾಗದ ಕೃತಿಗೆ ಮರುಮುದ್ರಣದ ಭಾಗ್ಯ ಕಡಿಮೆ; ಮುದ್ರಣದಲ್ಲಿಲ್ಲದ ಕೃತಿಯು ಪಠ್ಯವಾಗುವುದು ಇನ್ನೂ ಕಷ್ಟ. ಈ ವರ್ತುಲವನ್ನು ಮುರಿಯುವ ಅವಕಾಶ ಸಂಶೋಧಕರಿಗೂ ಅಧ್ಯಾಪಕರಿಗೂ ಇದೆ. ಮುಂದಿನ ತಲೆಮಾರು ಯಾರನ್ನು ಓದಬೇಕೆಂಬ ನಿರ್ಣಯವು ಬಹುಪಾಲು ಅಧ್ಯಯನ ಮಂಡಳಿಗಳಲ್ಲಿಯೇ ಆಗುವುದರಿಂದ, ಯಾರನ್ನು ಬಿಡಲಾಯಿತು ಮತ್ತು ಏಕೆ ಎಂಬ ಪ್ರಶ್ನೆಯೂ ಸಾಹಿತ್ಯಾಧ್ಯಯನದ ಅಂಗವಾಗಬೇಕಾಗುತ್ತದೆ.