ಗಾಜು ಸ್ವಚ್ಛಗೊಳಿಸುವ ಉಪಕರಣಗಳು: ಬೆಲೆಗಿಂತ ಲೆಕ್ಕ ಮುಖ್ಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ಪೇಟೆಬೀದಿಗಳಲ್ಲಿ ಅಂಗಡಿಯ ಮುಂಭಾಗವೆಂದರೆ ಹಿಂದೆ ಮರದ ಹಲಗೆ, ಅನಂತರ ಕಬ್ಬಿಣದ ಷಟರ್. ಇಂದು ಜವಳಿ ಮಳಿಗೆ, ಆಭರಣದ ಅಂಗಡಿ, ಔಷಧಿ ಅಂಗಡಿ, ಬ್ಯಾಂಕು ಎಲ್ಲಕ್ಕೂ ಗಾಜು ಬಂದಿದೆ. ಇದರ ಜೊತೆಗೆ ಸೌರಫಲಕಗಳೂ ಸೇರಿವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ 2018ರಲ್ಲಿ ಉದ್ಘಾಟನೆಯಾಯಿತು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಮನೆಗಳ ಮಾಳಿಗೆಯ ಮೇಲೂ ಫಲಕಗಳನ್ನು ಅಳವಡಿಸಲಾಗುತ್ತಿದೆ. ಸೌರಫಲಕದ ಮೇಲ್ಮೈಯೂ ಗಾಜೇ ಆಗಿರುವುದರಿಂದ, ಗಾಜನ್ನು ಸ್ವಚ್ಛವಾಗಿಡುವುದು ವರ್ತಕರಿಗೆ ಒಂದು ನಿಯತ ಖರ್ಚು. ಕೆಲವು ಯುವಕರಿಗೆ ಜೀವನೋಪಾಯ. ಯಾವ ಉಪಕರಣ ಕೊಳ್ಳಬೇಕು, ಎಷ್ಟು ಹಣ ಹಾಕಬೇಕು ಎಂಬುದನ್ನು ಇಬ್ಬರ ದೃಷ್ಟಿಯಿಂದಲೂ ಇಲ್ಲಿ ಪರಿಶೀಲಿಸಲಾಗಿದೆ.

ಅಗತ್ಯವಾದವು ಯಾವುವು?

ಕಸುಬಿನವರಿಗೆ ಮೊದಲ ಹಂತದಲ್ಲಿ ಬೇಕಾದವು ಆರೇ ವಸ್ತುಗಳು:

1. ರಬ್ಬರ್ ಪಟ್ಟಿ ಬದಲಾಯಿಸಬಹುದಾದ ಗ್ಲಾಸ್ ವೈಪರ್.
2. ಗಾಜಿಗೆ ಸಾಬೂನು ನೀರು ಹಚ್ಚಲು ಬಟ್ಟೆ ಹೊದಿಸಿದ ಹಿಡಿ.
3. ವೈಪರ್ ಪೂರ್ತಿ ಮುಳುಗುವಷ್ಟು ಅಗಲವಾದ ಬಕೆಟ್.
4. ಅಂಚು ಒರೆಸಲು ಮೈಕ್ರೋಫೈಬರ್ ಬಟ್ಟೆ.
5. ಬಣ್ಣದ ಕಲೆ, ಅಂಟು ತೆಗೆಯಲು ಬ್ಲೇಡಿನ ಸ್ಕ್ರೇಪರ್. ಇದನ್ನು ಒದ್ದೆ ಗಾಜಿನ ಮೇಲೆ ಮಾತ್ರ ಬಳಸಬೇಕು. ಸೌರಫಲಕಕ್ಕೆ ಎಂದಿಗೂ ತಾಗಿಸಬಾರದು.
6. ಉದ್ದ ಹೆಚ್ಚಿಸಬಹುದಾದ ಕೋಲು.

ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಹಗುರ ವೈಪರಿನ ಮಾದರಿಯನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದವರು ಇಟಲಿ ಮೂಲದ ಎಟ್ಟೋರೆ ಸ್ಟೆಕ್ಕೋನೆ ಎಂಬ ಗಾಜು ಸ್ವಚ್ಛಗೊಳಿಸುವ ಕೆಲಸಗಾರರು. ಇದರ ಗುಣ ಇರುವುದು ಹಿಡಿಯಲ್ಲಲ್ಲ, ರಬ್ಬರಿನ ಅಂಚಿನಲ್ಲಿ. ಅಂಚು ಸವೆದರೆ ಗಾಜಿನ ಮೇಲೆ ಗೆರೆ ಉಳಿಯುತ್ತದೆ. ಪಟ್ಟಿಯನ್ನು ತಿರುಗಿಸಿ ಹಾಕಿದರೆ ಇನ್ನೊಂದು ಅಂಚೂ ಉಪಯೋಗಕ್ಕೆ ಬರುತ್ತದೆ.

ಅಗ್ಗದ್ದೋ, ಒಳ್ಳೆಯದೋ?

ಒಂದು ಉದಾಹರಣೆಯನ್ನು ನೋಡೋಣ. ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿದವು. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬಹುದು. 150 ರೂಪಾಯಿಯ ಪ್ಲಾಸ್ಟಿಕ್ ವೈಪರ್ ಎರಡು ತಿಂಗಳು ಬಾಳಿದರೆ ಎರಡು ವರ್ಷಕ್ಕೆ 12 ಬೇಕು. ಖರ್ಚು 1,800 ರೂ. ಲೋಹದ ವೈಪರಿಗೆ 900 ರೂ., ಮೂರು ತಿಂಗಳಿಗೊಮ್ಮೆ 120 ರೂಪಾಯಿಯ ರಬ್ಬರಿನಂತೆ ಏಳು ಬಾರಿಗೆ 840 ರೂ.; ಒಟ್ಟು 1,740 ರೂ. ಅಂದರೆ ಉಪಕರಣದ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಸಮಯದಲ್ಲಿ. ದಿನಕ್ಕೆ 60 ಗಾಜು ಒರೆಸುವವನಿಗೆ ಪ್ರತಿ ಗಾಜಿನಲ್ಲಿ ಒಂದು ನಿಮಿಷ ಉಳಿದರೂ ಒಂದು ಗಂಟೆ ಉಳಿಯಿತು. ಎಂಟು ಗಂಟೆಗೆ 600 ರೂ. ಕೂಲಿ ಎಂದುಕೊಂಡರೆ ಗಂಟೆಗೆ 75 ರೂ.; 25 ದಿನಕ್ಕೆ 1,875 ರೂ. ಎರಡು ವರ್ಷದ ಉಪಕರಣದ ಖರ್ಚು ಒಂದೇ ತಿಂಗಳಲ್ಲಿ ಮರಳುತ್ತದೆ. ಆದರೆ ತನ್ನ ಅಂಗಡಿಯ ನಾಲ್ಕು ಗಾಜುಗಳನ್ನಷ್ಟೇ ಒರೆಸುವ ವರ್ತಕನಿಗೆ ದಿನಕ್ಕೆ ನಾಲ್ಕು ನಿಮಿಷ ಉಳಿದು ಆಗಬೇಕಾದುದೇನೂ ಇಲ್ಲ. ಅವನಿಗೆ ಅಗ್ಗದ್ದೇ ಸಾಕು.

ನೀರಿನ ಪ್ರಶ್ನೆ

ಗಡಸಾದ ಕೊಳವೆಬಾವಿ ನೀರು ಗಾಜಿನ ಮೇಲೆ ತಾನಾಗಿ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಸ್ವೀಕಾರಾರ್ಹ; ಚುಕ್ಕೆಯಿಲ್ಲದೆ ಒಣಗಲು ಅದು ಹತ್ತಕ್ಕಿಂತ ಕಡಿಮೆಯಿರಬೇಕು. ಆದರೆ ಅಂಗಡಿಯ ಗಾಜಿಗೆ ದುಬಾರಿ ನೀರು ಬೇಕಿಲ್ಲ, ಏಕೆಂದರೆ ವೈಪರ್ ನೀರನ್ನು ಪೂರ್ತಿ ಎಳೆದು ತೆಗೆಯುತ್ತದೆ. ನೀರು ಒಣಗಲು ಬಿಡುವ ಸೌರಫಲಕಗಳಿಗೆ ಮಾತ್ರ ಎಚ್ಚರಿಕೆ ಅಗತ್ಯ. ಲವಣ ಹೀರುವ ರಾಳದ ಸಿಲಿಂಡರ್ ಗಡಸು ನೀರಿನಲ್ಲಿ ಬೇಗ ಮುಗಿಯುತ್ತದೆ. ಸಂಗ್ರಹಿಸಿಟ್ಟ ಮಳೆನೀರಿನಲ್ಲಿ ಲವಣ ಬಹಳ ಕಡಿಮೆ. ಸಣ್ಣ ಕೆಲಸಕ್ಕೆ ಅದೇ ಉತ್ತಮ. ಟಿಡಿಎಸ್ ಮೀಟರ್ ಒಂದನ್ನು ಇಟ್ಟುಕೊಳ್ಳುವುದು ಜಾಣತನ.

ಸೌರಫಲಕ: ಎಷ್ಟು ಖರ್ಚು ಮಾಡಬಹುದು?

ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ ಎನ್ನೋಣ. ಧೂಳಿನಿಂದ ಶೇ. 5 ನಷ್ಟವಾಗುತ್ತದೆ, ಯೂನಿಟ್ಟಿಗೆ 6 ರೂ. ಎಂದು ಹಿಡಿದರೆ, 3 ಕಿಲೋವ್ಯಾಟಿನ ಮನೆಗೆ ತಿಂಗಳ ನಷ್ಟ 18 ಯೂನಿಟ್, 108 ರೂ. 50 ಕಿಲೋವ್ಯಾಟಿನ ಎಣ್ಣೆ ಗಿರಣಿಗೆ 300 ಯೂನಿಟ್, 1,800 ರೂ. ಆದ್ದರಿಂದ ಮೊದಲನೆಯವರು ತಿಂಗಳಿಗೆ 500 ರೂ. ಕೊಟ್ಟು ತೊಳೆಸುವುದು ನಷ್ಟ, ಎರಡನೆಯವರಿಗೆ ಲಾಭ. ತಮ್ಮ ನಿಜವಾದ ನಷ್ಟ ತಿಳಿಯಲು, ತೊಳೆಯುವ ಹಿಂದಿನ ಮತ್ತು ಮರುದಿನದ ಉತ್ಪಾದನೆಯನ್ನು ಇನ್ವರ್ಟರಿನಲ್ಲಿ ನೋಡಿ ಬರೆದಿಡಬೇಕು. ಎರಡೂ ದಿನ ಬಿಸಿಲು ಸಮನಾಗಿರಬೇಕು.

ಫಲಕಗಳನ್ನು ಮುಂಜಾನೆ ತಂಪಿನಲ್ಲಿ ಮೃದು ಬ್ರಷ್ಷಿನಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬರಬಹುದು. ಒರಟು ಉಜ್ಜುವಿಕೆಯಿಂದ ಗೀರು ಬಿದ್ದರೆ ವಾರಂಟಿಗೂ ತೊಡಕು.

ತೆರಿಗೆ ಮತ್ತು ಲೆಕ್ಕಪತ್ರ

ವೈಪರ್, ಬಟ್ಟೆ, ಬಕೆಟ್ ಮುಂತಾದವು ಆಯಾ ವರ್ಷದ ಆದಾಯ ವೆಚ್ಚ. ಪಂಪು ಮೊದಲಾದ ಯಂತ್ರಗಳಿಗೆ ಸವಕಳಿ ಪಡೆಯಬೇಕು. ಒಬ್ಬರಿಗೆ ಒಂದು ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ದೊರೆಯದು.

ಕಿಟಕಿ ಸ್ವಚ್ಛಗೊಳಿಸುವ ಸೇವೆಗೆ ಜಿಎಸ್‌ಟಿಯಲ್ಲಿ 998532 ಎಂಬ ಪ್ರತ್ಯೇಕ ಸಂಕೇತವಿದೆ, ದರ ಶೇ. 18. ಸೇವೆ ಮಾತ್ರ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಪಾವಗಡದವರಿಗೆ ಇಲ್ಲಿ ಒಂದು ವಿಶೇಷ ಸಂದೇಹ ಬರುವುದು ಸಹಜ. ಗಡಿಯಾಚೆ ಮಡಕಶಿರಾ ಅಥವಾ ಹಿಂದೂಪುರದ ಕಟ್ಟಡದಲ್ಲಿ ಕೆಲಸ ಮಾಡಿದರೆ ಅದು ಅಂತರರಾಜ್ಯ ಸೇವೆಯಾಗುತ್ತದೆ. ಆದರೂ 2017ರ ಅಧಿಸೂಚನೆಯಂತೆ ಈ 20 ಲಕ್ಷದ ವಿನಾಯಿತಿ ಸೇವೆಗಳಿಗೆ ಅನ್ವಯಿಸುತ್ತದೆ. ಅದೇ ವೈಪರುಗಳನ್ನು ಆಂಧ್ರಕ್ಕೆ ಮಾರಿದರೆ ನೋಂದಣಿ ಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಅಂತರರಾಜ್ಯ ಕೆಲಸ ಒಪ್ಪಿಕೊಳ್ಳುವಂತಿಲ್ಲ.

ಹೊಸದಾಗಿ ಆರಂಭಿಸುವವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ಸಾಲ ಲಭ್ಯ. ಮೊದಲ ದಿನವೇ ಅಷ್ಟನ್ನೂ ಯಂತ್ರಕ್ಕೆ ಸುರಿಯದೆ, ಕೈ ಉಪಕರಣಗಳಿಂದ ಆರಂಭಿಸಿ ಗಿರಾಕಿ ಬೆಳೆದಂತೆ ವಿಸ್ತರಿಸುವುದು ಕ್ಷೇಮ.

ಉಳಿಸಬಾರದ ಖರ್ಚು

ಅಲ್ಯೂಮಿನಿಯಂ ಕೋಲು ಅಗ್ಗ. ಆದರೆ ಅದು ವಿದ್ಯುತ್ ತಂತಿಗೆ ತಾಗಿದರೆ ಪ್ರಾಣಾಪಾಯ. ತಂತಿಗಳ ಸಮೀಪ ಯಾವ ಕೋಲನ್ನೂ ಎತ್ತಬಾರದು. ಉಳಿದೆಡೆಯೂ ಫೈಬರ್ ಗ್ಲಾಸಿನ ಕೋಲೇ ಲೇಸು. ಸೌರಫಲಕಗಳ ಸಾಲಿನಲ್ಲಿ ನೂರಾರು ವೋಲ್ಟ್ ಇರಬಹುದಾದ್ದರಿಂದ ಒಡೆದ ಫಲಕ, ಕಿತ್ತ ವೈರುಗಳಿಗೆ ನೀರು ಹಾಕಬಾರದು. ಮಾಳಿಗೆಯ ಅಂಚಿನಲ್ಲಿ ಕೆಲಸ ಮಾಡುವವರಿಗೆ ಸುರಕ್ಷಾ ಬೆಲ್ಟ್ ಕೊಡಲೇಬೇಕು. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂ. ಅಪಘಾತ ವಿಮೆ ನೀಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಪ್ರತಿಯೊಬ್ಬ ಕೆಲಸಗಾರನನ್ನೂ ಸೇರಿಸುವುದು ಮಾಲೀಕನ ಕನಿಷ್ಠ ಕರ್ತವ್ಯ. ವೈಪರನ್ನು ಚೌಕಾಸಿ ಮಾಡಿ ಕೊಳ್ಳಬಹುದು. ಆಳಿನ ಸುರಕ್ಷತೆಯಲ್ಲಿ ಚೌಕಾಸಿ ಸಲ್ಲದು.