ಗೊತ್ತಿತ್ತು, ಗೊತ್ತಾಯಿತು

ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಅಲ್ಲಿ ಕೆಲವು ತಿಂಗಳು ಇದ್ದು ಬರುವ ಸಂದರ್ಭ ಒದಗಿದಾಗ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ಮೊಮ್ಮಗಳ ಸ್ಪ್ಯಾನಿಷ್ ಟಿಪ್ಪಣಿ ಪುಸ್ತಕ ಒಂದು ಸಂಜೆ ನನ್ನ ಕೈಗೆ ಬಂತು. ಪುಟದ ನಡುವೆ ಒಂದು ಗೆರೆ. ಗೆರೆಯ ಎಡಕ್ಕೆ 'ಸಬೀಯಾ', ಬಲಕ್ಕೆ 'ಸೂಪೆ'. ಎರಡರ ಮುಂದೆಯೂ ಅವಳು ಬರೆದುಕೊಂಡಿದ್ದ ಇಂಗ್ಲಿಷ್ ಅರ್ಥ ಒಂದೇ. "ಎರಡೂ ಒಂದೇ ಮಾತು ತಾತ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಅಂಕ ಹೋಗುತ್ತೆ" ಎಂದು ಅರ್ಧ ಇಂಗ್ಲಿಷಿನಲ್ಲಿಯೂ ಅರ್ಧ ಕನ್ನಡದಲ್ಲಿಯೂ ದೂರಿದಳು. ನಾನು ಅವಳ ಪಠ್ಯಪುಸ್ತಕದ ವಿವರಣೆಯನ್ನು ಎರಡು ಬಾರಿ ಓದಿದೆ. ಓದಿ, ಎಡಗಡೆಯದಕ್ಕೆ 'ಗೊತ್ತಿತ್ತು', ಬಲಗಡೆಯದಕ್ಕೆ 'ಗೊತ್ತಾಯಿತು' ಎಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ?" ಎಂದಳು.

ಅಷ್ಟೇ ಅಲ್ಲ. ಆದರೆ ಆ ಸಂಜೆಯಿಂದ ನನಗೆ ಆ ತರಗತಿಯ ಮೇಲೆ ಕುತೂಹಲ ಹುಟ್ಟಿತು.

ಟೆಕ್ಸಾಸಿನಲ್ಲಿ ಪ್ರೌಢಶಾಲೆಯನ್ನು ಮುಗಿಸಬೇಕಾದರೆ ಸಾಮಾನ್ಯವಾಗಿ ಇಂಗ್ಲಿಷಲ್ಲದ ಯಾವುದಾದರೊಂದು ಭಾಷೆಯನ್ನು 2 ವರ್ಷ ಅಭ್ಯಾಸ ಮಾಡಬೇಕು. ಹೆಚ್ಚಿನವರು ಆಯ್ದುಕೊಳ್ಳುವುದು ಸ್ಪ್ಯಾನಿಷನ್ನು. ಮೊದಲ ವರ್ಷವೆಲ್ಲ ನಮಸ್ಕಾರ, ಬಣ್ಣ, ವಾರಗಳ ಹೆಸರು, ಹೋಟೆಲಿನಲ್ಲಿ ತಿಂಡಿ ಕೇಳುವ ಬಗೆ, ಬಾಯಿಪಾಠದಲ್ಲಿಯೇ ಸಾಗಿಹೋಗುತ್ತದೆ. ಕಷ್ಟವೂ ಸೊಗಸೂ ಆರಂಭವಾಗುವುದು ಮಧ್ಯಮ ಹಂತದಲ್ಲಿ. ಭಾಷಾಬೋಧಕರ ಅಮೆರಿಕನ್ ಸಂಸ್ಥೆಯೊಂದು 1986ರಲ್ಲಿ ಪ್ರಕಟಿಸಿ, ಮುಂದೆ ಪರಿಷ್ಕರಿಸುತ್ತ ಬಂದ ಅಳತೆಗೋಲಿನ ಪ್ರಕಾರ, ಕಲಿತ ವಾಕ್ಯಗಳನ್ನು ಒಪ್ಪಿಸುವವನು ಆರಂಭಿಕ. ಕಲಿತದ್ದನ್ನು ಬಿಡಿಸಿ, ಜೋಡಿಸಿ, ತನ್ನದೇ ವಾಕ್ಯವನ್ನು ಕಟ್ಟಬಲ್ಲವನು ಮಧ್ಯಮ. ಕಟ್ಟತೊಡಗಿದಾಗಲೇ ತಪ್ಪುಗಳೂ ತೊಡಗುತ್ತವೆ. ಮೊದಲ ವರ್ಷ ಪೂರ್ಣ ಅಂಕ ಪಡೆದ ಮಕ್ಕಳು ಮೂರನೆಯ ವರ್ಷ ತಲೆಯ ಮೇಲೆ ಕೈಹೊತ್ತು ಕೂಡುವುದು ಈ ಕಾರಣದಿಂದ.

ಭೂತಕಾಲವನ್ನೇ ತೆಗೆದುಕೊಳ್ಳಿ. ಸ್ಪ್ಯಾನಿಷಿನಲ್ಲಿ ಮುಗಿದುಹೋದ ಘಟನೆಗೆ ಒಂದು ರೂಪ, ನಡೆಯುತ್ತಿದ್ದ ಸ್ಥಿತಿಗೆ ಇನ್ನೊಂದು. 'ಕೊನೊಸೀ' ಎಂದರೆ ಅವರ ಪರಿಚಯವಾಯಿತು. 'ಕೊನೊಸೀಯಾ' ಎಂದರೆ ಅವರ ಪರಿಚಯವಿತ್ತು. ಕಥೆ ಹೇಳುವವನು ಮಳೆ ಸುರಿಯುತ್ತಿದ್ದುದನ್ನು, ದೀಪ ಉರಿಯುತ್ತಿದ್ದುದನ್ನು ಎರಡನೆಯ ರೂಪದಲ್ಲಿ ಹಾಸಿ, ಅದರ ಮೇಲೆ ಬಾಗಿಲು ಬಡಿದ ಸದ್ದನ್ನು ಮೊದಲನೆಯ ರೂಪದಲ್ಲಿ ಇಡುತ್ತಾನೆ. ಹಿನ್ನೆಲೆ ಯಾವುದು, ಘಟನೆ ಯಾವುದು ಎಂಬ ತೀರ್ಮಾನ ಮಾಡದೆ ಒಂದು ವಾಕ್ಯವನ್ನೂ ಬರೆಯಲಾಗದು. ಹದಿನಾರು ವರ್ಷದ ಮಕ್ಕಳಿಗೆ ಇದು ವ್ಯಾಕರಣದ ಹೆಸರಿನಲ್ಲಿ ದೊರೆಯುವ ಕಥನಕಲೆಯ ಪಾಠವೆಂದೇ ನಾನು ತಿಳಿಯುತ್ತೇನೆ.

ಇನ್ನು 'ಇರು' ಎಂಬುದಕ್ಕೆ ಅಲ್ಲಿ ಎರಡು ಧಾತುಗಳು: 'ಸೆರ್' ಮತ್ತು 'ಎಸ್ತಾರ್'. ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂದು ಮೊದಲ ವರ್ಷ ಮಕ್ಕಳಿಗೆ ಒಂದು ಸೂತ್ರವನ್ನು ಕೊಡುತ್ತಾರೆ. ಮಧ್ಯಮ ತರಗತಿಗೆ ಬರುವಷ್ಟರಲ್ಲಿ ಆ ಸೂತ್ರ ಹರಿಯುತ್ತದೆ. ಸತ್ತವನನ್ನು ಕುರಿತು ಹೇಳುವಾಗ ಎಸ್ತಾರ್ ಬಳಸಬೇಕು! ಸಾವಿಗಿಂತ ಶಾಶ್ವತವಾದುದು ಯಾವುದಿದೆ ಎಂದು ಮಕ್ಕಳು ಕೇಳುವುದು ಸಹಜ. ಸಾವು ಒಂದು ಬದಲಾವಣೆಯ ಫಲವಾಗಿ ಉಂಟಾದ ಸ್ಥಿತಿ, ಆದ್ದರಿಂದ ಎಸ್ತಾರ್ ಎಂಬುದು ಉತ್ತರ. ನಮ್ಮಲ್ಲಿ ಇದಕ್ಕೆ ಸರಿಸಮನಾದುದಿಲ್ಲ. ಆದರೂ 'ಅವನು ವೈದ್ಯನಲ್ಲ', 'ಅವನು ಮನೆಯಲ್ಲಿಲ್ಲ' ಎಂದು ಅಲ್ಲ-ಇಲ್ಲಗಳನ್ನು ಬೇರೆಯಾಗಿ ಬಳಸುವ ಕನ್ನಡಿಗನಿಗೆ ಈ ಭೇದ ತೀರ ಅಪರಿಚಿತವೆನಿಸದು.

ಸ್ಪ್ಯಾನಿಷಿಗೆ ಆ ದೇಶದ ಶಾಲೆಗಳಲ್ಲಿ ಈ ಸ್ಥಾನ ದೊರೆತುದರ ಹಿಂದೆ ಒಂದು ಯುದ್ಧವಿದೆ. 1915ರ ಸುಮಾರಿಗೆ ಅಲ್ಲಿನ ಪ್ರೌಢಶಾಲೆಗಳ ಕಾಲುಭಾಗದಷ್ಟು ವಿದ್ಯಾರ್ಥಿಗಳು ಜರ್ಮನ್ ಕಲಿಯುತ್ತಿದ್ದರು. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕಿಳಿಯಿತು. ಜರ್ಮನ್ ಶತ್ರುವಿನ ನುಡಿಯಾಯಿತು. 1922ರ ಹೊತ್ತಿಗೆ ಅದನ್ನು ಕಲಿಯುವವರು ನೂರಕ್ಕೆ ಒಬ್ಬರೂ ಉಳಿಯಲಿಲ್ಲ. ಎಳೆಯ ಮಕ್ಕಳಿಗೆ ಪರಭಾಷೆ ಕಲಿಸುವುದನ್ನೇ ಅಪರಾಧವೆಂದಿದ್ದ ನೆಬ್ರಾಸ್ಕ ರಾಜ್ಯದ ಕಾನೂನನ್ನು 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನೂರ್ಜಿತಗೊಳಿಸಿತು. ಆದರೆ ಅಷ್ಟರಲ್ಲಿ ಬೆಂಚುಗಳು ಬರಿದಾಗಿದ್ದವು. ಆ ತೆರವನ್ನು ಬಹುಮಟ್ಟಿಗೆ ತುಂಬಿದ್ದು ಸ್ಪ್ಯಾನಿಷ್.

ವಿಚಿತ್ರವೆಂದರೆ, ಪರಭಾಷೆಯೆಂದು ಪಟ್ಟಿಗೆ ಸೇರಿದ ಈ ನುಡಿ ಟೆಕ್ಸಾಸಿಗೆ ಪರಕೀಯವೇ ಅಲ್ಲ. ಇಂಗ್ಲಿಷ್ ಅಲ್ಲಿಗೆ ಬರುವ ಮೊದಲೇ ಸ್ಪ್ಯಾನಿಷ್ ಅಲ್ಲಿತ್ತು. 1848ರ ಒಪ್ಪಂದದಿಂದ ಮೆಕ್ಸಿಕೋ ದೇಶ ತನ್ನ ಉತ್ತರದ ವಿಶಾಲ ಭೂಭಾಗವನ್ನು ಕಳೆದುಕೊಂಡಾಗ ಗಡಿ ಸರಿಯಿತು. ಜನ ಇದ್ದಲ್ಲಿಯೇ ಇದ್ದರು. ಇಂದು ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರು 4 ಕೋಟಿಗೂ ಹೆಚ್ಚು. ಆದರೆ ಅವರ ಹಿರಿಯರಿಗೆ ಶಾಲೆ ಏನು ಮಾಡಿತು? ಪಶ್ಚಿಮ ಟೆಕ್ಸಾಸಿನ ಮಾರ್ಫಾ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬ್ಲ್ಯಾಕ್‌ವೆಲ್ ಎಂಬ ಪ್ರತ್ಯೇಕ ಶಾಲೆಯಿತ್ತು. 1954ರಲ್ಲಿ ಅಲ್ಲಿನ ಮಕ್ಕಳಿಂದ, ಸ್ಪ್ಯಾನಿಷ್ ಆಡುವುದಿಲ್ಲವೆಂದು ಚೀಟಿಗಳಲ್ಲಿ ಬರೆಯಿಸಿ, ಆ ಚೀಟಿಗಳನ್ನು ಪೆಟ್ಟಿಗೆಗೆ ಹಾಕಿ, ಶವಸಂಸ್ಕಾರದ ರೀತಿಯಲ್ಲಿ ಮಣ್ಣು ಮಾಡಿಸಿದರು. 1965ರಲ್ಲಿ ಆ ಶಾಲೆ ಮುಚ್ಚಿತು. 2022ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸಾರುವ ಕಾನೂನು ಬಂತು.

ಹೂತವರ ಮೊಮ್ಮಕ್ಕಳ ಪೀಳಿಗೆ ಈಗ ನನ್ನ ಮೊಮ್ಮಗಳ ತರಗತಿಯಲ್ಲಿ ಕುಳಿತು ಅದೇ ಭಾಷೆಯ ಕ್ರಿಯಾಪದಗಳನ್ನು ಕೋಷ್ಟಕದಿಂದ ಕಲಿಯುತ್ತಿದೆ. ಅಂಥ ಒಬ್ಬ ಹುಡುಗನ ಸಂಗತಿಯನ್ನು ಅವಳು ಹೇಳಿದಳು. ಅವನ ಉಚ್ಚಾರಣೆ ನಿರರ್ಗಳ, ಅಂಕ ಮಾತ್ರ ಇವಳಿಗಿಂತ ಕಡಿಮೆ. ಸ್ವರಗಳ ಮೇಲಿನ ಚಿಹ್ನೆಗಳನ್ನು ಅವನು ಎಲ್ಲಿಯೂ ಹಾಕುವುದಿಲ್ಲ. 'ಹಾಯಾ' ಎಂದು ಇರಬೇಕಾದಲ್ಲಿ ಅಜ್ಜಿಯಿಂದ ಕೇಳಿದ 'ಹಾಯ್ಗಾ' ಎಂದು ಬರೆಯುತ್ತಾನೆ. ಕೆಂಪು ಶಾಯಿ ಬೀಳುತ್ತದೆ. ಹಾಯ್ಗಾ ಎಂಬುದು ಹಳ್ಳಿಗಾಡಿನ ಸ್ಪ್ಯಾನಿಷಿನಲ್ಲಿ ಬಹುಕಾಲದಿಂದ ಬಾಳಿಕೊಂಡು ಬಂದ ರೂಪ. ಮನೆಯಲ್ಲಿ ಸರಿಯಾದುದು ಶಾಲೆಯಲ್ಲಿ ತಪ್ಪಾಗುವ ಈ ಪಾಡು ನಮಗೆ ಹೊಸದಲ್ಲ. 'ಹೊಂಟೀನಿ' ಎಂದು ಬರೆದು ಪೆಟ್ಟು ತಿಂದವರು ನಮ್ಮ ನಡುವೆಯೂ ಇದ್ದಾರೆ. ಇಂಥ ಮಕ್ಕಳಿಗಾಗಿಯೇ ಬೇರೆ ತರಗತಿಗಳನ್ನು ಈಗ ಹಲವು ಶಾಲೆಗಳು ನಡೆಸುತ್ತವೆ. ಇವಳ ಶಾಲೆಯಲ್ಲಿ ಅದಿರಲಿಲ್ಲ. ಅಧ್ಯಾಪಕಿ ತಿದ್ದಬಾರದಿತ್ತೆಂದು ನಾನು ಹೇಳಲಾರೆ. ತಿದ್ದಿದ ಮೇಲೆ 'ನಿಮ್ಮ ಅಜ್ಜಿಯ ಮಾತೂ ಮಾತೇ' ಎಂದು ಒಂದು ಸಾಲು ಬರೆಯಬಹುದಿತ್ತು.

ಆ ಹುಡುಗನ ಕಥೆಯನ್ನು ಹೇಳುವಾಗ ಹುಡುಗಿಗೆ ತನ್ನ ಕಥೆಯೂ ಅದೇ ಎಂಬ ಅರಿವು ಇದ್ದಂತಿರಲಿಲ್ಲ. ಅವಳ ಕನ್ನಡವೂ ಅಡಿಗೆಮನೆಯ ಕನ್ನಡ. ಊಟ, ನಿದ್ದೆ, ಗದರಿಕೆಗಳಿಗೆ ಸಾಲುವಷ್ಟು. ಅದಕ್ಕೆ ಕೋಷ್ಟಕವೂ ಇಲ್ಲ, ಅಂಕವೂ ಇಲ್ಲ.

ಹೀಗಿದ್ದೂ ಆ ಅಡಿಗೆಮನೆಯ ಕನ್ನಡ ಅವಳಿಗೆ ಅಲ್ಲಲ್ಲಿ ಒದಗಿಬಂತು. 'ಮೆ ಗುಸ್ತಾ' ಎಂಬ ಪ್ರಯೋಗದಲ್ಲಿ ಇಷ್ಟಪಡುವವನು ಕರ್ತೃವಲ್ಲ, ಇಷ್ಟವಾಗುವ ವಸ್ತು ಕರ್ತೃ. ವಸ್ತು ಬಹುವಚನವಾದರೆ ಕ್ರಿಯಾಪದವೂ ಬಹುವಚನ. ಇಂಗ್ಲಿಷ್ ಮಕ್ಕಳಿಗೆ ಇದು ತಲೆಕೆಳಗಾದ ವಾಕ್ಯ. ನಮಗೋ, 'ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ' ಎನ್ನುವುದಕ್ಕಿಂತ ನೆಟ್ಟಗಿನ ಮಾತು ಬೇರೆಯಿಲ್ಲ. 'ನನಗೆ ತಲೆ ನೋಯುತ್ತದೆ' ಎಂಬುದೂ ಹಾಗೆಯೇ ಪದಕ್ಕೆ ಪದ ಕೂಡಿಬರುತ್ತದೆ. ಹಿರಿಯರಿಗೆ 'ಉಸ್ತೆದ್', ಗೆಳೆಯರಿಗೆ 'ತೂ' ಎಂಬ ಭೇದವನ್ನು ನೀವು-ನೀನುಗಳಲ್ಲಿ ಬೆಳೆದವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಉಸ್ತೆದ್ ಎಂಬುದು 'ತಮ್ಮ ಕೃಪೆ' ಎಂಬಂಥ ಹಳೆಯ ಗೌರವದ ಸಂಬೋಧನೆಯಿಂದ ಸವೆದು ಬಂದ ಮಾತು. ಹಾಗಾಗಿಯೇ ಅದರ ಕ್ರಿಯಾಪದ ಪ್ರಥಮ ಪುರುಷದಲ್ಲಿರುತ್ತದೆ. ಬೀಗದಕೈಗೆ ಸ್ಪ್ಯಾನಿಷಿನಲ್ಲಿ 'ಯಾವೆ' ಎನ್ನುತ್ತಾರೆಂದು ಅವಳು ಹೇಳಿದಾಗ, ನಮ್ಮ 'ಚಾವಿ' ಅದರ ದಾಯಾದಿ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಎರಡೂ ಲ್ಯಾಟಿನ್ನಿನ ಮಕ್ಕಳು ಎಂದೆ. ಅವಳಿಗೆ ಅದು ನಗೆಯ ವಿಷಯವಾಯಿತು.

ಮಧ್ಯಮ ತರಗತಿಯ ಕೊನೆಯ ದೊಡ್ಡ ಏರು ಎಂದರೆ ನಡೆದಿಲ್ಲದುದನ್ನು ಹೇಳುವ ಕ್ರಿಯಾರೂಪ: ಹಾರೈಕೆ, ಸಂಶಯ, ಬೇಡಿಕೆಗಳ ರೂಪ. 'ನೀನು ಬರುತ್ತೀ' ಎಂಬುದಕ್ಕೆ 'ವಿಯೆನೆಸ್'; 'ನೀನು ಬರಬೇಕೆಂದು ನನ್ನ ಆಸೆ' ಎಂದಾಗ ಅದು 'ವೆಂಗಾಸ್' ಆಗುತ್ತದೆ. ಹಾರೈಕೆಗೆ ಮೊದಲಾಗುವ 'ಒಹಲಾ' ಎಂಬ ಪದ, ದೇವರು ಇಚ್ಛಿಸಿದರೆ ಎಂಬ ಅರಬ್ಬಿ ಮಾತಿನ ಅವಶೇಷ. 711ರಿಂದ 1492ರ ವರೆಗೆ ಆ ನೆಲದಲ್ಲಿ ಮುಸ್ಲಿಂ ರಾಜ್ಯಗಳಿದ್ದುದರ ಗುರುತು. ಇಂಗ್ಲಿಷಿನಲ್ಲಿ ಈ ರೂಪ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ತರಗತಿಯೇ ಇಲ್ಲಿ ಎಡವುತ್ತದೆ. "ಕನ್ನಡದಲ್ಲಿ ಇದು ಇದೆಯಾ?" ಎಂದು ಅವಳು ಕೇಳಿದಳು. ಹಾಗೆಯೇ ಇಲ್ಲ, ಆದರೆ ಮಳೆ ಬರಲಿ, ಮಗು ಮಲಗಲಿ ಎನ್ನುವಾಗ ನಾವು ಹಚ್ಚುವ 'ಲಿ' ಹಾರೈಕೆಯ ಕೆಲಸವನ್ನು ಮಾಡುತ್ತದೆ ಎಂದು ತೋರಿಸಿದೆ. ಅಂದು ಅರ್ಧ ಗಂಟೆ ಮನೆಯ ಎಲ್ಲ ವಸ್ತುಗಳಿಗೂ ಅವಳು 'ಲಿ' ಹಚ್ಚುತ್ತ ತಿರುಗಿದಳು.

ನಾನು ಊರಿಗೆ ಹಿಂದಿರುಗಿದ ಮೇಲೆ ನನ್ನ ಹೆಂಡತಿಗೆ ಮೊಣಕಾಲು ನೋವು ಹೆಚ್ಚಾಯಿತು. ಮಗಳು ಕಳುಹಿಸಿದ ಪತ್ರದ ಕೆಳಗೆ, ದಪ್ಪ ದಪ್ಪನೆಯ ಕನ್ನಡ ಅಕ್ಷರಗಳಲ್ಲಿ ಒಂದು ಸಾಲಿತ್ತು: 'ಅಜ್ಜಿ ಕಾಲು ಬೇಗ ವಾಸಿ ಆಗಲಿ.' ಕೊನೆಯ ಅಕ್ಷರದ ಕೆಳಗೆ, ಸ್ಪ್ಯಾನಿಷ್ ಪುಸ್ತಕದಲ್ಲಿ ಮಾಡುತ್ತಿದ್ದಂತೆಯೇ, ಎರಡು ಗೆರೆ ಎಳೆದಿದ್ದಳು.